ಮೂವತ್ತೆರಡು ಬಾಯಿ

ಬಟ್ಟೆಯ ಮೇಲೆ ಹರವಿದ್ದ ಬೇಯಿಸಿದ ಗೋಧಿಯಿಂದ ಮನೋಲಿ ಒಂದು ಕಾಳನ್ನು ಎತ್ತಿ ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದ. ಒಂದು ಕ್ಷಣ ಯೋಚಿಸಿ ತೊಟ್ಟಿಗೆ ಉಗಿದ.

"ಇನ್ನೂ ಹಸಿ ಇದೆ. ಸಕ್ಕರೆ ಹಾಕಿದ್ರೆ ನೀರೊಡೆಯುತ್ತೆ."

"ಉಗಿದ್ಯಲ್ಲಪ್ಪ!" ಮಗಳು ಫೋತಿನಿ ಪೊಟ್ಟಣ ಕಟ್ಟುವ ರಿಬ್ಬನ್ ಕತ್ತರಿಸುವುದನ್ನು ನಿಲ್ಲಿಸಿದಳು. "ಅಜ್ಜಿಗೆ ಅಂತ ಮಾಡಿದ್ದು. ಅದನ್ನ ಯಾರಾದ್ರೂ ಉಗೀತಾರಾ?"

"ಅಭ್ಯಾಸ ಕಣೇ."

ಮೂವತ್ತೇಳು ವರ್ಷ ಮಿರಂಗಾಲ್ ಊರಿನ ಗೋಧಿ ಕಣಜದ ಬಾಗಿಲಲ್ಲಿ ನಿಂತು, ಬಂದ ಲಾರಿಗಳ ಕಾಳಿನ ತೇವ ನೋಡಿದವನು ಅವನು. ಯಂತ್ರ ಹೇಳುವ ಮೊದಲು ಅವನ ಹಲ್ಲು ಹೇಳುತ್ತಿತ್ತು. ಕಚ್ಚಿದ್ದನ್ನು ಎಂದೂ ನುಂಗುತ್ತಿರಲಿಲ್ಲ.

ಅವರು ನಿಂತಿದ್ದದ್ದು ಹದಿನೈದು ವರ್ಷದ ಹಿಂದೆ ಮುಚ್ಚಿದ ಕೆಫೆಯ ಅಡುಗೆಮನೆಯಲ್ಲಿ. ಅದರ ಹಿಂದಿನ ಎರಡು ಕೋಣೆಗಳಲ್ಲಿ ಅವನ ತಾಯಿ ಸ್ತಮಾತಿಯಾ ಮೊನ್ನೆಯವರೆಗೂ ಒಬ್ಬಳೇ ಇದ್ದಳು. ಎಂಬತ್ತೇಳು ವರ್ಷ. ಊರಿನಲ್ಲಿ ಉಳಿದಿದ್ದ ಕೊನೆಯ ಗ್ರೀಕ್ ಹೆಂಗಸು. ಹನ್ನೊಂದಕ್ಕೆ ಅಂತ್ಯಕ್ರಿಯೆ. ಅವಳ ಪಂಥದ ಪಾದ್ರಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ನಗರದಿಂದ ಬರಬೇಕಿತ್ತು. ಚರ್ಚು ಊರಿನವರದು, ಎರವಲು.

"ಟೀ, ಸ್ಯಾಂಡ್‌ವಿಚ್ ಸಾಕು ಅಂತ ಹೇಳಿದ್ನಲ್ಲ," ಮನೋಲಿ ಅಂದ. "ಈ ಊರಲ್ಲಿ ಈ ಸಾವಿನ ಗೋಧಿ, ಕೋಲಿವ, ಯಾರು ತಿಂತಾರೆ?"

"ಅಜ್ಜಿ ನನ್ನ ಹತ್ರ ಕೇಳಿದ್ದು ಅದೊಂದೇ. ತಿಂದು, 'ದೇವರು ಇವಳನ್ನ ಮನ್ನಿಸಲಿ' ಅನ್ಬೇಕು. ಎಷ್ಟು ಬಾಯಿ ಅನ್ನುತ್ತೋ ಸತ್ತೋರಿಗೆ ಅಷ್ಟು ಹಗುರ." ಫೋತಿನಿ ದಾಳಿಂಬೆ ಬಿಡಿಸತೊಡಗಿದಳು. "ಅವರಪ್ಪ ಸತ್ತಾಗ ಮೂವತ್ತೆರಡು ಮಕ್ಕಳು ಅಂದಿದ್ರಂತಲ್ಲ. ಎಷ್ಟು ಸಲ ಹೇಳಿದಾರೋ! ನಿನ್ನ ಕ್ಲಾಸು. ನೀನೇ ಹಂಚಿದ್ದಂತೆ."

ಮನೋಲಿ ಓವನ್ ಹಚ್ಚಿದ. "ಬಾಗಿಲು ತೆಗೆದೇ ಇಡು. ಸಣ್ಣ ಉರೀಲಿ ಅರ್ಧ ಗಂಟೆ. ಆಮೇಲೆ ಹುರಿದ ಹಿಟ್ಟು, ಅದರ ಮೇಲೆ ಸಕ್ಕರೆ."

"ಅಷ್ಟು ಗೊತ್ತಿದ್ದೂ ನೀನು ಒಂದಿನಾನೂ ತಿಂದಿದ್ದು ನೋಡಿಲ್ಲ."

ಅವನು ಟೈ ಹುಡುಕುವ ನೆಪದಲ್ಲಿ ಹೊರಗೆ ಹೋದ.

*

ಸಾವಿರದ ಒಂಬೈನೂರ ಐವತ್ತೇಳರಲ್ಲಿ ದ್ವೀಪದಿಂದ ಕಪ್ಪು ಅಂಚಿನ ಕಾಗದ ಬಂದಾಗ ಸ್ತಮಾತಿಯಾಳ ತಂದೆ ಮಣ್ಣಿಗೆ ಸೇರಿ ಮೂವತ್ತೈದು ದಿನವಾಗಿತ್ತು. ನಲವತ್ತನೆಯ ದಿನದ ಪ್ರಾರ್ಥನೆಗೆ ಉಳಿದದ್ದು ಐದೇ ದಿನ. ಹಡಗುಕಟ್ಟೆಯಲ್ಲಿ ಅವನು ಟೋಪಿ ಬೀಸಿದ್ದನ್ನು ನೋಡಿ ಹತ್ತು ವರ್ಷ. ತಮ್ಮವರೆಂದು ಊರಿನಲ್ಲಿದ್ದದ್ದು ಎರಡು ಮನೆ.

"ಎಲ್ಲಾ ಸೇರಿ ಆರು ಬಾಯಿ," ಅವಳು ಗಂಡನಿಗೆ ಅಂದಿದ್ದಳು. "ಆರು ಬಾಯಿ ಅಂದಿದ್ದು ಇಲ್ಲಿಂದ ಅಲ್ಲೀವರೆಗೆ ಕೇಳುತ್ತಾ?"

ಆಗ ಅವಳಿಗೆ ಶಾಲೆ ನೆನಪಾಯಿತು. ಕೋಲಿವ ತುಂಬಿ ಮೂವತ್ತೆರಡು ಕಾಗದದ ಪೊಟ್ಟಣ ಕಟ್ಟಿ ಒಂಬತ್ತು ವರ್ಷದ ಮನೋಲಿಯ ಕೈಗೆ ಕೊಟ್ಟಳು. ಮಕ್ಕಳು ಯಾವ ಭಾಷೆಯಲ್ಲಿ ಅಂದರೂ ಸರಿ, ಅನ್ನಬೇಕು ಅಷ್ಟೇ ಅಂದಳು.

ಊಟದ ಬಿಡುವಿನಲ್ಲಿ ಅವನು ಹಂಚಿದ.

"ಏನೋ ಇದು, ಕೋಳಿ ಕಾಳು?"

"ನಮ್ಮಜ್ಜ ಸತ್ತೋಗಿದಾರೆ. ಅದಕ್ಕೆ."

"ಥೂ! ಹೆಣದ ತಿಂಡಿ ಕಣ್ರೋ!"

ಬಾಯಿಗೆ ಹಾಕಿದ್ದವರು ಉಗಿದರು. ಒಬ್ಬಳು ಪಂಪಿನ ಹತ್ತಿರ ಓಡಿ ನಾಲಿಗೆ ತೊಳೆದಳು. ಎಲ್ಲರೂ ನಕ್ಕರು. ಮನೋಲಿಯೂ ನಕ್ಕ. ಬಾಯಿ ತುಂಬ ಇಟ್ಟುಕೊಂಡು ನಗಲಾಗದೆ, ತನ್ನ ಬಾಯಲ್ಲಿದ್ದುದನ್ನೂ ಉಗಿದ. ಮನೆಗೆ ಬರುವಾಗ, ಅವರು ಬಿಸಾಕಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ತಂದು ರೈಲು ಹಳಿಯ ಪಕ್ಕದ ಚರಂಡಿಗೆ ಸುರಿದ.

ತಾಯಿ ಕೆಫೆಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಲ್ಲರೂ ತಿಂದ್ರಾ?"

"ತಿಂದ್ರು."

"ಅಂದ್ರಾ?"

"ಅಂದ್ರು."

ಅವಳು ಗಿರಾಕಿಗಳಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಸ್ಟೂಲಿನ ಮೇಲೆ ಕುಳಿತು, ಕಾಗದ ಬಂದ ಮೇಲೆ ಮೊದಲ ಬಾರಿಗೆ ಅತ್ತಳು.

*

ಸಮಾಧಿಯಿಂದ ಬರುವವರಿಗೆ ಸಭಾಭವನದ ಬಾಗಿಲಲ್ಲಿ ಫೋತಿನಿ ಬುಟ್ಟಿ ಹಿಡಿದು ನಿಂತಿದ್ದಳು. ಮನೋಲಿ ಪಕ್ಕದಲ್ಲಿ ನಿಂತು ಕೈ ಕುಲುಕುತ್ತಿದ್ದ. ಪ್ರತಿ ಪೊಟ್ಟಣ ಬುಟ್ಟಿಯಿಂದ ಏಳುವಾಗಲೂ ಅವನ ಕಣ್ಣು ತೆಗೆದುಕೊಂಡವರ ಬಾಯಿಯ ಕಡೆ ಹೋಗುತ್ತಿತ್ತು.

"ಎಷ್ಟು ಚೆನ್ನಾಗಿ ಕಟ್ಟಿದ್ದೀಯಮ್ಮ," ಎಂದಳು ಹಳೆಯ ಅಂಚೆಮನೆಯ ಬೆರಿಲ್. "ಆಮೇಲೆ ತಿಂತೀನಿ. ಈ ಹಲ್ಲುಸೆಟ್ಟು ಕಾಳು ಕಂಡ್ರೆ ಎದ್ದು ಕೂರುತ್ತೆ."

"ಮದುವೇಲಿ ಕೊಡೋ ಥರ ಇದೆ," ಎಂದ ಇನ್ನೊಬ್ಬ, ಜೇಬಿಗೆ ಹಾಕಿಕೊಂಡು ಟೀ ಕಡೆ ನಡೆದ.

ಒಬ್ಬರೂ ರಿಬ್ಬನ್ ಬಿಚ್ಚಲಿಲ್ಲ. ಫೋತಿನಿ ಕಲಿತು ಬಂದಿದ್ದ ವಿವರಣೆ ಪ್ರತಿ ಸಲಕ್ಕೂ ಚಿಕ್ಕದಾಗುತ್ತ ಹೋಗಿ, ಕೊನೆಗೆ "ತಗೊಳ್ಳಿ" ಎಂಬುದಷ್ಟೇ ಉಳಿಯಿತು.

ಎಲ್ಲರಿಗಿಂತ ಹಿಂದೆ ಊರುಗೋಲು ಹಿಡಿದು ಲೈಲ್ ಬಂದ. ಮನೋಲಿಯ ಜೊತೆ ಓದಿದವನು. ಈಗ ಆರುನೂರು ಎಕರೆ ಗೋಧಿ ಮಗನಿಗೆ ಬಿಟ್ಟು ಸುಮ್ಮನೆ ಕೂತಿದ್ದ. ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಅದೇ ಅಲ್ವೇನೋ ಮನೋಲಿ? ಹೆಣದ ತಿಂಡಿ?"

ಫೋತಿನಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಹಂಗೆ ಹೆಸರಿಟ್ಟವನು ನಾನೇ ಕಣಮ್ಮ," ಎಂದ ಲೈಲ್. "ಒಂಬತ್ತು ವರ್ಷದ ಕತ್ತೆ ಆಗಿದ್ದೆ. ಎಲ್ಲರ ಕೈಲೂ ಉಗಿಸ್ಬಿಟ್ಟೆ."

"ಮತ್ತೆ ಎಲ್ಲರೂ ತಿಂದ್ರು ಅಂತ ಅಜ್ಜಿ..." ಅವಳು ತಂದೆಯ ಕಡೆ ತಿರುಗಿದಳು.

"ಯಾರೂ ತಿನ್ನಲಿಲ್ಲ," ಮನೋಲಿ ಅಂದ. "ತಿಂದ್ರು ಅಂತ ನಾನು ಸುಳ್ಳು ಹೇಳಿದೆ. ಅಮ್ಮ ನಂಬ್ಕೊಂಡು ಬದುಕಿದ್ಲು."

"ನಂಬ್ಕೊಂಡು? ಅವರಿಗೆ ಗೊತ್ತಿತ್ತಲ್ಲೋ!" ಲೈಲ್ ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಮಾರನೇ ಬೆಳಿಗ್ಗೆ ಟೀಚರಿಗೆ ಥ್ಯಾಂಕ್ಸ್ ಹೇಳಕ್ಕೆ ಅಂತ ಶಾಲೆ ಕಡೆ ಹೊರಟಿದ್ರಂತೆ. ನಾನು ಹಾಲಿನ ಕ್ಯಾನು ಹೊತ್ಕೊಂಡು ಬರ್ತಿದ್ದೆ. ರೈಲಿನ ಚರಂಡೀಲಿ ಮಂಡಿಯೂರಿ ಕೂತು ಪೊಟ್ಟಣ ಆಯ್ಕೊಂಡು ಏಪ್ರನ್‌ಗೆ ತುಂಬ್ತಾ ಇದ್ರು. ಒಡೆದಿದ್ದ ಕಾಳನ್ನೂ ಬಿಡಲಿಲ್ಲ, ಮಣ್ಣಿಂದ ಹೆಕ್ತಿದ್ರು. ನನ್ನ ನೋಡಿ, 'ಮನೋಲಿಗೆ ಹೇಳ್ಬೇಡ, ಪಾಪ, ಮಗು' ಅಂದ್ರು. ಆವತ್ತಿಂದ ನಾನು ಕೆಫೆಗೆ ಹೋದಾಗೆಲ್ಲ ಐಸ್‌ಕ್ರೀಮ್ ಒಂದು ಉಂಡೆ ಜಾಸ್ತಿ." ಅವನು ಮನೋಲಿಯ ಮುಖ ನೋಡಿದ. "ನೀವಿಬ್ರೂ ಯಾವತ್ತೋ ಮಾತಾಡ್ಕೊಂಡಿರ್ತೀರಿ ಅಂದ್ಕೊಂಡೆ."

"ಇಲ್ಲ," ಎಂದ ಮನೋಲಿ.

ಮೂವತ್ತೆರಡು ಮಕ್ಕಳ ಕತೆಯನ್ನು ತಾಯಿ ಹೇಳಿದ್ದು ಯಾವಾಗಲೂ ಅವನಿದ್ದಾಗಲೇ. ಹೇಳುತ್ತ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಏನಾದರೂ ಬಡಿಸುತ್ತಿದ್ದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಆ ಹೊತ್ತಿನಲ್ಲಿ ಅವಳ ಮುಖ ಹೇಗಿರುತ್ತಿತ್ತೆಂದು ನೆನಪಿಸಿಕೊಳ್ಳಲು ಈಗ ನೋಡಿದ. ಒಂದು ಸಲವಾದರೂ ತಲೆಯೆತ್ತಿದ್ದರೆ ತಾನೆ ನೆನಪಿರುವುದು.

ಲೈಲ್ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. "ಡಾಕ್ಟರಿಗೆ ಗೊತ್ತಾದ್ರೆ ಬೈತಾನೆ, ಸಕ್ಕರೆ ಕಾಯಿಲೆ. ಏನನ್ಬೇಕಮ್ಮ ಈಗ?"

ಫೋತಿನಿ ಹೇಳಿಕೊಟ್ಟಳು. ಅವನು ಹಾಗೇ ಅಂದು, ಟೋಪಿ ತಲೆಗಿಟ್ಟುಕೊಂಡು ಮೆಟ್ಟಿಲಿಳಿದ.

*

ಮೂರು ಗಂಟೆಗೆ ಸಭಾಭವನ ಖಾಲಿಯಾಯಿತು. ಪಾದ್ರಿಗೆ ಹೆದ್ದಾರಿಯವರೆಗೆ ದಾರಿ ತೋರಿಸಲು ಫೋತಿನಿ ಮುಂದೆ ಕಾರಿನಲ್ಲಿ ಹೋಗಿದ್ದಳು. ಉದ್ದನೆಯ ಮೇಜುಗಳ ಮೇಲೆ ಕಪ್ಪುಗಳ ಪಕ್ಕ, ಸ್ಯಾಂಡ್‌ವಿಚ್ಚಿನ ಅಂಚುಗಳ ನಡುವೆ ಪೊಟ್ಟಣಗಳು ಕಟ್ಟಿದ ಹಾಗೇ ಉಳಿದಿದ್ದವು. ಬೆರಿಲ್ ಆ ತುದಿಯಿಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಬರುತ್ತಿದ್ದಳು.

ಮನೋಲಿ ಒಂದು ಪೊಟ್ಟಣದ ಮುಂದೆ ಕುಳಿತ. ರಿಬ್ಬನ್ ಬಿಚ್ಚಿ ಕಾಳನ್ನು ಅಂಗೈಗೆ ಸುರಿದುಕೊಂಡ. ಬಾಯಿಗೆ ಹಾಕಿ ಅಗಿದ. ಹದ ಸರಿಯಾಗಿತ್ತು. ನುಂಗಿದ. ಆಮೇಲೆ ಆ ಮಾತನ್ನು ತಾಯಿಯ ಭಾಷೆಯಲ್ಲಿ ಅಂದ. ಆ ಭಾಷೆಯನ್ನು ಅವನು ಚಿಕ್ಕವನಿದ್ದಾಗಲೇ ಬಿಟ್ಟಿದ್ದರಿಂದ, ಅದು ಹೊರಬಂದದ್ದು ಮಗುವಿನ ಉಚ್ಚಾರಣೆಯಲ್ಲಿ.

"ನಂಗೇನಾದ್ರೂ ಹೇಳಿದ್ಯಾ ಮನೋಲಿ?" ಬೆರಿಲ್ ಅಲ್ಲಿಂದಲೇ ಕೇಳಿದಳು.

"ಇಲ್ಲ."

"ಈ ಮೇಜು ತೆಗೀಲಾ?"

"ಇನ್ನೂ ಸ್ವಲ್ಪ ಹೊತ್ತು ಇರ್ಲಿ."

ಅವನು ಪಕ್ಕದ ಪೊಟ್ಟಣವನ್ನು ಹತ್ತಿರಕ್ಕೆ ಎಳೆದುಕೊಂಡು, ಮಗಳು ಬಿಗಿಯಾಗಿ ಹಾಕಿದ್ದ ಗಂಟನ್ನು ಉಗುರಿನಿಂದ ಸಡಿಲಿಸತೊಡಗಿದ.