ಏಳನೆಯ ಹಾಡು

ಕ್ಯಾಸೆಟ್ ಡಬ್ಬಿಯೊಳಗಿನ ಅಂಗೈಯಗಲದ ಮಡಿಕೆ ಕಾಗದ ಅದು. ಮೇಲೊಂದು ಪಾರಿವಾಳ, ಒಳಗೆ ಸಣ್ಣಕ್ಷರದಲ್ಲಿ ಹನ್ನೆರಡು ಹಾಡುಗಳ ಪಟ್ಟಿ. ಅದು ನೆನಪಾದಾಗಲೆಲ್ಲ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹನ್ನೆರಡು ಚರ್ಚುಗಳಿಂದ ಒಂದೊಂದು ಹೊಸ ಭಕ್ತಿಗೀತೆ ಆರಿಸಿ ಕ್ಯಾಸೆಟ್ ತರುವುದೆಂದು ಬಿಷಪ್ಪರ ಕಚೇರಿಯಿಂದ ಪತ್ರ ಬಂದಿತ್ತು. ನಮ್ಮಲ್ಲಿ ಹೊಸ ಹಾಡೆಂದರೆ ಒಂದೇ, ಇನ್ನಾಸಮ್ಮನದು. ಆಕೆ ಚರ್ಚಿನ ನೆಲ ಒರೆಸುತ್ತಿದ್ದ ವಿಧವೆ, ಓದುಬರಹ ಬಾರದವಳು. ಒರೆಸುತ್ತಲೇ ಪದ ಕಟ್ಟಿ, ರಾಗ ಹಚ್ಚಿ ಹಾಡಿಕೊಳ್ಳುತ್ತಿದ್ದಳು: “ಬರಿಗಾಲಲ್ಲಿ ಬಂದೆ ಒಡೆಯಾ, ಬಾಗಿಲಲ್ಲೇ ನಿಲ್ಲಿಸಬೇಡ.” ಗಾನವೃಂದ ನಡೆಸುತ್ತಿದ್ದವರು ನನ್ನಪ್ಪ, ಚೌರಪ್ಪ ಮಾಸ್ತರು. ಆಕೆಯಿಂದ ಹಾಡಿಸಿ, ಹಾರ್ಮೋನಿಯಂ ಮೇಲೆ ಸ್ವರ ಹಿಡಿದು ಬರೆದುಕೊಂಡರು. ಕ್ಯಾಸೆಟ್ಟಿಗೆ ಹಾಡಿದವಳು ನಾನು. ಆಗ ನನಗೆ ಹತ್ತೊಂಬತ್ತು, ಊರಿಗೊಬ್ಬಳೇ ಕೋಗಿಲೆಯೆಂಬ ಜಂಬ ಬೇರೆ.

ಅರ್ಜಿ ತುಂಬಿದವಳೂ ನಾನೇ, ಅಕ್ಷರ ದುಂಡಗಿತ್ತಲ್ಲ. ‘ರಚನೆ’ ಎಂಬಲ್ಲಿ ಕೈ ತಡೆಯಿತು.

“ನನ್ ಹೆಸ್ರು ಬರಿ,” ಎಂದರು ಅಪ್ಪ.

“ಇನ್ನಾಸಮ್ಮ ಕಟ್ಟಿದ್ದಲ್ವಾ ಅಪ್ಪಾ?”

“ಬಾಯಲ್ಲಿರೋದು ಗಾಳಿ ಕಣೆ. ಕಾಗದಕ್ಕೆ ಬಂದ್ಮೇಲೆ ಹಾಡು. ಕಾಗದಕ್ಕೆ ತಂದೋನು ಯಾರು?”

ಬರೆದೆ. ಅಪ್ಪನಿಗೆ ಎದುರಾಡುವ ಧೈರ್ಯವಿರಲಿಲ್ಲವೆಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ತಕರಾರು ಎದ್ದರೆ ಹಾಡನ್ನೇ ಕೈಬಿಟ್ಟಾರು, ನನ್ನ ದನಿ ಹೊರಗುಳಿದೀತು ಎಂಬ ದಿಗಿಲಷ್ಟೇ ನನಗಿದ್ದದ್ದು.

ಕ್ಯಾಸೆಟ್ ಬಂದಾಗ, ಹಾಕಿ ಕೇಳಲು ಮನೆಯಲ್ಲಿ ಯಂತ್ರವಿಲ್ಲದ ಇನ್ನಾಸಮ್ಮನೂ ಒಂದು ಕೊಂಡಳು. ಕಾಗದ ಬಿಡಿಸಿ ನನ್ನ ಮುಂದೆ ಹಿಡಿದಳು.

“ನನ್ ಹೆಸ್ರು ಎಲ್ಲೈತೆ, ಓದವ್ವ.”

ಏಳನೆಯ ಹಾಡಿನ ಕೆಳಗೆ ಬೆರಳಿಟ್ಟೆ. “ಇಲ್ಲಿ. ರಚನೆ, ಇನ್ನಾಸಮ್ಮ.”

ಬೆರಳಿದ್ದ ಜಾಗಕ್ಕೆ ಆಕೆ ಮುತ್ತಿಟ್ಟಳು. ಅಲ್ಲಿದ್ದದ್ದು ನನ್ನಪ್ಪನ ಹೆಸರು. ಕಾಗದವನ್ನು ಜಪಸರದ ಚೀಲಕ್ಕೆ ಸೇರಿಸಿ, “ಸತ್ರೂ ಚಿಂತಿಲ್ಲ ಬಿಡು,” ಎಂದು ನಕ್ಕಳು.

ಮೂರು ತಿಂಗಳು ಆಕೆಯ ನಡಿಗೆಯೇ ಬೇರೆಯಾಗಿತ್ತು. ಆಮೇಲೊಂದು ಭಾನುವಾರ, ಪೂಜೆ ಮುಗಿದ ಮೇಲೆ, ಹೊಸದಾಗಿ ಬಂದಿದ್ದ ಸಿಸ್ಟರ್ ಬೆನಿಟಾ ಅವರಿಗೂ ಕಾಗದ ತೋರಿಸಿದಳು. ಸಿಸ್ಟರ್ ಆ ಬದಿ ಈ ಬದಿ ತಿರುಗಿಸಿ ಓದಿದರು.

“ನಿಮ್ಮ ಹೆಸರು ಇದರಲ್ಲಿ ಇಲ್ವಲ್ಲಮ್ಮ. ಚೌರಪ್ಪ ಅಂತಿದೆ.”

“ಸರ್ಯಾಗಿ ನೋಡಿ ಸಿಸ್ಟರ್. ಮಾಸ್ತರ ಮಗಳಿಗೆ ಕಂಡಿತ್ತು.”

ಎಲ್ಲರೂ ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ. ಆಕೆಯೇ ಒರೆಸಿದ ನೆಲ. ಇನ್ನಾಸಮ್ಮ ಕಾಗದ ವಾಪಸು ತೆಗೆದುಕೊಂಡಳು.

“ಚೀಲದಾಗೆ ತಿಕ್ಕಿ ತಿಕ್ಕಿ ಅಳಿಸೋಗಿರ್ಬೇಕು ಬಿಡಿ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನನ್ನ ಮಾನ ಉಳಿಸಿದಳು, ಅದನ್ನು ಈವರೆಗೂ ಅರಗಿಸಿಕೊಳ್ಳಲಾಗಿಲ್ಲ. ಆಮೇಲೂ ಆಕೆ ನೆಲ ಒರೆಸುವುದನ್ನು ಬಿಡಲಿಲ್ಲ. ಹಾಡುವುದನ್ನು ಮಾತ್ರ ಬಿಟ್ಟಳು.

ಎರಡು ವರ್ಷದ ಮೇಲೆ ತೀರಿಕೊಂಡಳು. ಅಂತ್ಯಕ್ರಿಯೆಯ ಪೂಜೆಯಲ್ಲಿ ಗಾನವೃಂದ ಆ ಹಾಡನ್ನೇ ಎತ್ತಿಕೊಂಡಿತು. ಅಪ್ಪ ಹಾರ್ಮೋನಿಯಂ ನುಡಿಸಿದರು, ನಾನು ಹಾಡಿದೆ, ಚೆನ್ನಾಗಿಯೇ ಹಾಡಿದೆ. ಸಮಾಧಿಗೆ ಒಂದೊಂದು ಹಿಡಿ ಮಣ್ಣು ಹಾಕಲು ಸಾಲು ನಿಂತಿದ್ದೆವು. ಆಕೆಯ ತಂಗಿ ಅಪ್ಪನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕನಿಗೇ ಬರ್ದಂಗಿತ್ತು ಮಾಸ್ತ್ರೇ, ನಿಮ್ ಹಾಡು.”

“ಎಲ್ಲಾ ದೇವರ ಕೃಪೆಯಮ್ಮ,” ಎಂದರು ಅಪ್ಪ.

ಸಾಲು ಮುಂದೆ ಸರಿಯಿತು. ನಾನು ಬಗ್ಗಿ ಮಣ್ಣು ತೆಗೆದುಕೊಂಡೆ.