ಏಳು ಕುರ್ಚಿಗಳಲ್ಲಿ ಮೊದಲನೆಯದು

ನಾನು ಪೈನ್ ಮರದ ಒಂದು ಕುರ್ಚಿ. ಅಮೆರಿಕದ ಮರಳುಗಾಡಿನಲ್ಲಿ, ಕೆಂಪು ಬಂಡೆಯ ಕೆಳಗಿನ ಸಣ್ಣ ಊರಿನಲ್ಲಿ ನನ್ನನ್ನು ಮಾಡಿದರು. ಊರಿನವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು, ಹಳೆಯ ಪದ್ಧತಿಯವರು. ಪಂಥದ ದೊಡ್ಡ ಚರ್ಚು ಬಹುಪತ್ನಿತ್ವ ಬಿಟ್ಟಿತು, ಇವರು ಬಿಡಲಿಲ್ಲ. ಬೇರೆಯಾಗಿ ಬಂದು ಇಲ್ಲಿ ನೆಲೆಸಿದರು.

ಏಳು ಜನ ಹಿರಿಯರಿಗೆ ನಾವು ಏಳು ಕುರ್ಚಿಗಳು. ಯಾರ ತಲೆಯ ಮೇಲೆ ಮೊದಲು ಕೈಯಿಟ್ಟು ದೀಕ್ಷೆ ಕೊಟ್ಟರೋ ಅವರು ನನ್ನ ಮೇಲೆ. ಅವರು ತೀರಿಕೊಂಡರೆ ಉಳಿದವರೆಲ್ಲ ಒಂದೊಂದು ಕುರ್ಚಿ ಮುಂದಕ್ಕೆ. ವಯಸ್ಸು ಕೇಳುವುದಿಲ್ಲ, ಓಟು ಇಲ್ಲ. ನನ್ನ ಮೇಲೆ ಕೂತವರ ಮಾತಿನಂತೆ ಊರು ನಡೆಯುತ್ತದೆ. ಯಾವ ಹೆಣ್ಣು ಯಾರ ಮನೆ ಸೇರಬೇಕು ಎಂಬುದನ್ನೂ ಅವರೇ ಹೇಳುತ್ತಾರೆ.

ಆರ್ವಲ್ ಬಹಳ ವರ್ಷ ಕೂತರು. ಒಳ್ಳೆಯ ಮನುಷ್ಯ, ಭಾರ ಜಾಸ್ತಿ. ಹಾಸಿಗೆ ಹಿಡಿದ ಮೇಲೆ ಒಂದು ಎಡವಟ್ಟು ಮಾಡಿದರು. ದೊಡ್ಡ ಮಗ ಥೇನ್‌ನ ತಲೆಯ ಮೇಲೆ ಕೈಯಿಟ್ಟು, "ನನ್ನಾದ್ಮೇಲೆ ನೀನೇ" ಅಂದುಬಿಟ್ಟರು. ಆದರೆ ಸಾಲಿನಲ್ಲಿ ಮುಂದಿನವರು ಹೀಬರ್, ಕಿವಿ ಮಂದವಾದ ಮುದುಕರು.

ಆರ್ವಲ್ ಮಣ್ಣಾದ ದಿನವೇ ಊರು ಎರಡಾಗತೊಡಗಿತು. ಎಲ್ಲರಿಗಿಂತ ಹೆದರಿದವಳು ವರ್ಡಾ. ಅವಳು ಹೀಬರರ ಮಗಳು. ಅವಳ ಗಂಡ ಲಮಾರ್ ಥೇನ್‌ನ ತಮ್ಮ. ಊರು ಒಡೆದರೆ ಅಪ್ಪ ಆ ಕಡೆ, ಗಂಡ ಈ ಕಡೆ. ಹಿಂದೊಮ್ಮೆ ಹೀಗೆ ಒಡೆದಾಗ ಅವಳ ಚಿಕ್ಕಮ್ಮನನ್ನು ಗಂಡನಿಂದ ಬಿಡಿಸಿ ಬೇರೆ ಮನೆಗೆ ಕೊಟ್ಟಿದ್ದರು.

ಹಿರಿಯರ ಸಭೆಯ ದಿನ ವರ್ಡಾ ಸಭೆಯ ಕೋಣೆಯ ನೆಲ ಇನ್ನೂ ಒರೆಸುತ್ತಿದ್ದಾಗಲೇ ಹಿರಿಯರು ಬಂದರು. ಥೇನ್ ನೇರವಾಗಿ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟ.

"ಅಪ್ಪ ನಂಗೆ ಹೇಳಿದಾರೆ, ಅಂಕಲ್ ಹೀಬರ್."

"ಜೋರಾಗಿ ಹೇಳಪ್ಪ."

"ಅಪ್ಪ ತಲೆ ಮೇಲೆ ಕೈಯಿಟ್ಟಿದಾರೆ ಅಂದೆ!"

"ಇಟ್ಟಿದಾರೆ, ಯಾರು ಇಲ್ಲ ಅಂದ್ರು?" ಅಂದರು ಹೀಬರ್. "ನಿಂಗೆ ಇಟ್ಟಿದ್ದು ಹೋದ ತಿಂಗ್ಳು. ನಂಗೆ ಇಟ್ಟಾಗ ನೀನಿನ್ನೂ ಹುಟ್ಟಿರ್ಲಿಲ್ಲ. ನಾವೆಲ್ಲ ಮುಂದಕ್ಕೆ ಸರಿದ್ರೆ ಕೊನೇ ಕುರ್ಚಿ ಖಾಲಿಯಾಗುತ್ತೆ. ಅದು ನಿಂದು. ಸರದಿ ಬಂದಾಗ ಇದೂ ನಿಂದೇ."

ಥೇನ್ ಕದಲಲಿಲ್ಲ. ಅವನ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದಿದ್ದವು. ಹೆಂಗಸರು ಅಲ್ಲಿ ಮಾತಾಡುವಂತಿಲ್ಲ. ಆದರೂ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ ವರ್ಡಾ ಬಾಯಿಬಿಟ್ಟಳು.

"ಹೋಗಿ ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ ಭಾವ. ಒರೆಸಿದ ನೆಲಾನೆಲ್ಲ ತುಳೀತಿದೀರಿ." ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಮನೆ ಒಡೀಬೇಡಿ," ಅಂದಳು.

ಯಾರೋ ಕೆಮ್ಮಿದರು. ಥೇನ್ ಕೈ ತೆಗೆದ. ಸಾಲಿನ ಉದ್ದಕ್ಕೂ ನಡೆದು ಕೊನೆಯ ಕುರ್ಚಿಯಲ್ಲಿ ಕೂತ, ಮುಖ ಮಾತ್ರ ಗೋಡೆಯ ಕಡೆಗೆ.

ಈಗ ನನಗೆ ವಯಸ್ಸಾಗಿದೆ, ಹಿಂಗಾಲು ಅಲುಗುತ್ತದೆ. ಸಭೆಗೆ ಹೊಸ ಕುರ್ಚಿ ಬಂತು, ನಾನು ವರ್ಡಾಳ ಅಡುಗೆಮನೆಗೆ ಬಂದೆ. ದುಃಖವೇನಿಲ್ಲ. ಒಲೆಯ ಪಕ್ಕ ಬೆಚ್ಚಗಿದೆ, ಪೀಚ್ ಹಣ್ಣು ಬೇಯುವ ವಾಸನೆ ಬರುತ್ತಿರುತ್ತದೆ. ಹೀಬರ್ ಭಾನುವಾರ ಊಟಕ್ಕೆ ಬಂದು ನನ್ನ ಮೇಲೆಯೇ ಕೂರುತ್ತಾರೆ. ಸಭೆಯಲ್ಲಿ ಅವರು ಒಮ್ಮೆಯೂ ನನಗೆ ಬೆನ್ನು ಒರಗಿಸಿದವರಲ್ಲ. ಇಲ್ಲಿ ಊಟವಾದ ಕೂಡಲೇ ಒರಗಿ ಗೊರಕೆ ಹೊಡೆಯುತ್ತಾರೆ. ನಾನು ವಾಲತೊಡಗಿದರೆ ಲಮಾರ್ ತಿನ್ನುವುದನ್ನು ನಿಲ್ಲಿಸದೆಯೇ ಮೇಜಿನ ಕೆಳಗೆ ಕಾಲು ಚಾಚಿ, ಮಾವ ಬೀಳದಂತೆ ನನ್ನನ್ನು ಒತ್ತಿ ಹಿಡಿಯುತ್ತಾನೆ.