ಸೋರದ ಪೆಟ್ಟಿಗೆ

ತಗಡಿನ ಮೇಸ್ತ್ರಿ ಬೆಸುಗೆ ಹಾಕಿದ ಡಬ್ಬ ಸೋರಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಆ ಬೀದಿಗೆ ಬಂದಿಲ್ಲ. ಅವರು ಮಾಡಿದ ತೊಟ್ಟಿಗೆ ಇಳಿದ ನೀರು ಹೊರಗೆ ಬರಬೇಕೆಂದರೆ ನಲ್ಲಿಯಿಂದಲೇ ಬರಬೇಕು, ಅದೂ ಅಪ್ಪಣೆ ಕೇಳಿಕೊಂಡು. ಒಮ್ಮೆ ಅವರ ಕೈಯ ಎಣ್ಣೆಡಬ್ಬವೊಂದು ಮೂರನೇ ಮಹಡಿಯಿಂದ ಬಿತ್ತು. ರಸ್ತೆ ಹಳ್ಳ ಬಿತ್ತೇ ಹೊರತು ಡಬ್ಬದಿಂದ ಒಂದು ಹನಿ ಆಚೆ ಬರಲಿಲ್ಲ. ಆ ಹಳ್ಳವನ್ನು ಇನ್ನೂ ಯಾರೂ ಮುಚ್ಚಿಲ್ಲ, ನಂಬದವರು ಹೋಗಿ ಕಾಲು ಉಳುಕಿಸಿಕೊಂಡು ಬರಬಹುದು.

ಇಂಥ ಮೇಸ್ತ್ರಿಯ ಮನೆಯಲ್ಲಿ ಇಂಟರ್‌ನೆಟ್ ನಿಧಾನವಾಯಿತು.

ನಿಧಾನ ಅಂದರೆ ಎಂಥ ನಿಧಾನ! ಅವರ ಹೆಂಡತಿ ಒಲೆ ಹಚ್ಚುವಾಗ ಫೋನಿನಲ್ಲಿ ಒಂದು ಹಾಡು ಒತ್ತಿದರೆ, ಅಡುಗೆಯಾಗಿ, ಉಂಡು, ಪಾತ್ರೆ ತೊಳೆದು ಕವುಚಿಟ್ಟ ಮೇಲೆ ಹಾಡುಗಾರ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪರದೆಯ ಮೇಲೆ ತಿರುಗುತ್ತಿದ್ದ ಆ ಚಕ್ರಕ್ಕೆ ಒಂದು ಗಾಡಿ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಭೂಮಿಯನ್ನೇ ಸುತ್ತಿಕೊಂಡು ಬರಬಹುದಿತ್ತು.

ಹಾಡು ಹಾಳಾಗಿ ಹೋಗಲಿ, ಇದು ಮಗಳ ಕೆಲಸದ ಪ್ರಶ್ನೆ. ಮೇಸ್ತ್ರಿಯ ಒಬ್ಬಳೇ ಮಗಳು ಸನ್ನೆಭಾಷೆಯ ದುಭಾಷಿ. ಕಿವಿ ಕೇಳದವರು ಆಸ್ಪತ್ರೆಗೆ ಹೋದರೆ, ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಅವರಿಗೆ ಕೈಯಲ್ಲಿ ಹೇಳಬೇಕು, ಅವರು ಕೈಯಲ್ಲಿ ಹೇಳಿದ್ದನ್ನು ಡಾಕ್ಟರಿಗೆ ಬಾಯಲ್ಲಿ ಹೇಳಬೇಕು. ಎಲ್ಲವೂ ಮನೆಯ ಕೋಣೆಯಲ್ಲೇ ಕೂತು, ವಿಡಿಯೊದಲ್ಲಿ. ಪರೀಕ್ಷೆಯನ್ನೆಲ್ಲ ಪಾಸು ಮಾಡಿದ್ದಳು. ಉಳಿದಿದ್ದು ಒಂದೇ: ಬರುವ ಗುರುವಾರ ನಿಜವಾದ ರೋಗಿಯ ಜೊತೆ ಒಂದು ಕರೆ. ಅದು ಸರಾಗವಾಗಿ ನಡೆದರೆ ಕೆಲಸ ಕಾಯಂ. ನಡುವೆ ಚಿತ್ರ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಮೊದಲೇ ಹೇಳಿಬಿಟ್ಟಿದ್ದರು. ಅವರದೂ ತಪ್ಪಲ್ಲ. ಬಾಯಿಮಾತಾದರೆ ಚಿತ್ರ ನಿಂತರೂ ದನಿ ಬರುತ್ತದೆ. ಕೈಮಾತಿನಲ್ಲಿ ಚಿತ್ರ ನಿಂತರೆ ನಾಲಿಗೆಯೇ ಬಿದ್ದುಹೋದ ಹಾಗೆ.

ಮಗಳು ಗೆಳತಿಯ ಜೊತೆ ಅಭ್ಯಾಸ ಮಾಡಿದಾಗಲೆಲ್ಲ ಅದೇ ಆಗುತ್ತಿತ್ತು. "ನೀನು ಕೈ ಎತ್ತಿದವಳು ಎತ್ತೇ ಇದ್ದೆ ಕಣೇ, ಬಸ್ಸು ನಿಲ್ಲಿಸ್ತಿದ್ದೀಯೇನೋ ಅಂದ್ಕೊಂಡೆ" ಎಂದು ಗೆಳತಿ ನಗುತ್ತಿದ್ದಳು. ಮಗಳು ನಗುತ್ತಿರಲಿಲ್ಲ.

ಹಾಗಂತ ಮೇಸ್ತ್ರಿ ಕೈಕಟ್ಟಿ ಕೂತವರಲ್ಲ. ಮೊದಲು ಕೆಳಗಿನ ಮನೆಯ ಹಲ್ಲಿನ ಡಾಕ್ಟರ ಮೇಲೆ ಅನುಮಾನಪಟ್ಟರು. "ಜನರ ಹಲ್ಲು ಕೀಳೋ ಕೈ, ನಮ್ಮ ಇಂಟರ್‌ನೆಟ್ ಕೀಳಲ್ವಾ?" ಎಂದು ಪಾಸ್‌ವರ್ಡ್ ಬದಲಿಸಿದರು. ಅದು ಎಷ್ಟು ಗಟ್ಟಿ ಪಾಸ್‌ವರ್ಡ್ ಅಂದರೆ ಮೊದಲು ಮರೆತವರು ಮೇಸ್ತ್ರಿಯೇ. ಮನೆಯವರೆಲ್ಲ ಹೊರಗುಳಿದರು. ಅದನ್ನು ಸರಿಪಡಿಸಿದ ಮೇಲೆ ಕಂಪನಿಗೆ ಫೋನ್ ಮಾಡಲು ಶುರುಮಾಡಿದರು.

ಇಲ್ಲಿ ಆ ಪೆಟ್ಟಿಗೆಯ ವಿಷಯ ಹೇಳದಿದ್ದರೆ ಕಥೆಗೆ ಬುಡವೇ ಇರುವುದಿಲ್ಲ.

ಮಗಳಿಗೆ ಈ ಕೆಲಸದ ಕರೆ ಬಂದ ದಿನ, ನಡುಮನೆಯ ಗೋಡೆಯ ಮೇಲಿದ್ದ ರೌಟರ್ ಮೇಲೆ ಒಂದು ಹಲ್ಲಿ ಬೆಚ್ಚಗೆ ಮಲಗಿತ್ತು. ಮೇಸ್ತ್ರಿಗೆ ಮೈ ಉರಿಯಿತು. "ನನ್ನ ಮಗಳ ಅನ್ನದ ಮೇಲೆ ಹಲ್ಲಿ ಮಲಗತ್ತಾ?" ಎಂದು ಅಂಗಡಿಗೆ ನಡೆದವರು ಬೇರೆ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟು ರೌಟರಿಗೆ ಒಂದು ತಗಡಿನ ಪೆಟ್ಟಿಗೆ ಮಾಡಿದರು. ಅಂಥ ಪೆಟ್ಟಿಗೆಯಲ್ಲಿ ಇರಲು ರಾಜರ ಒಡವೆಗಳೂ ಆಸೆಪಟ್ಟಾವು. ಅಂಚುಗಳನ್ನೆಲ್ಲ ಎರಡು ಮಡಿಕೆ ಮಡಿಸಿ, ಒಳಗಿನಿಂದ ಬೆಸುಗೆ. ವೈರು ಹೋಗುವಲ್ಲಿ ಬಿಗಿಯಾದ ರಬ್ಬರ್ ಬಳೆ. ಬಿಸಿ ಹೋಗಲು ಬೆನ್ನಿಗೆ ಸೂಜಿಮೊನೆಯಷ್ಟೇ ತೂತುಗಳು, ಸೊಳ್ಳೆ ಬಂದರೆ ಉಸಿರು ಬಿಗಿಹಿಡಿದರೂ ನುಗ್ಗಲಾಗದಂಥವು. ಮುಂದೆ ಸ್ಪ್ರಿಂಗ್ ಬಾಗಿಲು: ತೆರೆದು ಕೈಬಿಟ್ಟರೆ ತಾನೇ 'ಟಪ್' ಎಂದು ಮುಚ್ಚಿಕೊಳ್ಳುತ್ತಿತ್ತು. ತೂತು ಹೊಡೆಯುವ ಮೊದಲು ಪೆಟ್ಟಿಗೆಯನ್ನು ಎರಡು ಇಟ್ಟಿಗೆಗಳ ಮೇಲೆ ಅಂಗಾತ ಮಲಗಿಸಿ, ನೀರು ತುಂಬಿ, ಕೆಳಗೆ ಒಣಬೂದಿ ಹರಡಿ ಪರೀಕ್ಷೆ ಮಾಡಿದ್ದರು. ಬೂದಿಯ ಮೇಲೆ ಒಂದು ಚುಕ್ಕೆ ಬೀಳಲಿಲ್ಲ. "ಸೋರಲ್ಲ" ಎಂದರು ಮೇಸ್ತ್ರಿ. ಅವರ ಬಾಯಲ್ಲಿ ಆ ಮಾತು ಬಂದರೆ ಸರ್ಕಾರಿ ಮೊಹರು ಬಿದ್ದ ಹಾಗೆ.

ಪೆಟ್ಟಿಗೆ ಗೋಡೆಗೆ ಏರಿದ್ದೂ ಇಂಟರ್‌ನೆಟ್ ಹಾಸಿಗೆ ಹಿಡಿದದ್ದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಆದರೆ ಅದರ ಹೊಳಪಿನ ಮುಂದೆ ನಿಂತವರಿಗೆ "ಆಹಾ" ಬಿಟ್ಟು ಬೇರೇನೂ ತೋಚುತ್ತಿರಲಿಲ್ಲ.

ಕಂಪನಿಯ ಸಹಾಯವಾಣಿಯ ಹುಡುಗಿ ಪ್ರತಿ ಸಲವೂ ಕೇಳುತ್ತಿದ್ದದ್ದು ಒಂದೇ ಮಾತು. "ಸರ್, ರೌಟರ್‌ನಲ್ಲಿ ಯಾವ ಯಾವ ದೀಪ ಉರೀತಿದೆ, ನೋಡಿ ಹೇಳ್ತೀರಾ?"

ಮೇಸ್ತ್ರಿ ಸ್ಟೂಲು ಹತ್ತಿ, ಪೆಟ್ಟಿಗೆಯ ಬಾಗಿಲು ತೆರೆದು, ಗೋಡೆಯ ಸುಣ್ಣ ಉದುರುವ ಹಾಗೆ ಕೂಗುತ್ತಿದ್ದರು. "ಎಲ್ಲಾ ಹಸಿರೇ ಉರೀತಿದೆ ಕಣಮ್ಮ! ದೀಪಕ್ಕೇನು ಬಂದಿದೆ? ಉರೀತಿರೋದು ನನ್ನ ಹೊಟ್ಟೆ!"

ಅಷ್ಟರಲ್ಲಿ ಕೋಣೆಯಿಂದ ಮಗಳ ದನಿ: "ಅಪ್ಪಾ, ಬಂತು! ಓಡ್ತಿದೆ!"

"ನಮ್ಮ ಕಡೆಯಿಂದ ಸರಿಯಾಗಿದೆ ಸರ್" ಎನ್ನುತ್ತಿದ್ದಳು ಹುಡುಗಿ.

ಮೇಸ್ತ್ರಿ ಗೆದ್ದ ಪೈಲ್ವಾನನ ಹಾಗೆ ಸ್ಟೂಲಿನಿಂದ ಇಳಿಯುತ್ತಿದ್ದರು. ಹಿಂದೆ ಬಾಗಿಲು 'ಟಪ್'. ಅವರು ಹೋಗಿ ಕುರ್ಚಿಯಲ್ಲಿ ಕೂರುವುದಕ್ಕಿಲ್ಲ, "ಅಪ್ಪಾ, ಹೋಯ್ತು."

"ನೋಡಿದ್ಯಾ ಇವರ ಆಟ?" ಎನ್ನುತ್ತಿದ್ದರು ಹೆಂಡತಿಗೆ. "ನನ್ನ ಗಂಟಲು ಕೇಳಿದ್ರೆ ಹೆದರಿ ಬಿಡ್ತಾರೆ, ಫೋನ್ ಇಟ್ಟ ತಕ್ಷಣ ಕತ್ತು ಹಿಸುಕ್ತಾರೆ."

ಕೂಗಿ ಕೂಗಿ ಇಂಟರ್‌ನೆಟ್ ಓಡಿಸಿದ ಗಂಡಸು ಲೋಕದಲ್ಲಿ ತಾನೊಬ್ಬನೇ ಎಂದು ಮೇಸ್ತ್ರಿಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಅಂಗಡಿಗೆ ಬಂದವರ ಮುಂದೆ ಅದನ್ನೂ ಹೇಳಿಕೊಂಡಿದ್ದರು. ಹೆಂಡತಿ ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಹಾಗಾದ್ರೆ ರೀ, ಗುರುವಾರ ಅವಳ ಕರೆ ಮುಗಿಯೋವರೆಗೂ ಕೂಗ್ತಾನೇ ಇರಿ. ಹೇಗೂ ಅಭ್ಯಾಸ ಇದೆ" ಎಂದಳು.

"ಅದಕ್ಕಿಂತ ಕಂಪನಿನೇ ಬದಲಾಯಿಸಿಬಿಡೋಣ" ಎಂದರು ಮೇಸ್ತ್ರಿ.

ಬುಧವಾರ ಹೊಸ ಕಂಪನಿಯ ಏಜೆಂಟ್ ಬಂದ. ಅವನ ಬಾಯಿ ಮುಂದೆ ಮೇಸ್ತ್ರಿಯ ಬಾಯಿಯೂ ಸ್ವಲ್ಪ ಹೊತ್ತು ಮುಚ್ಚಿತು ಅಂದರೆ ಲೆಕ್ಕ ಹಾಕಿ. ತಂತಿಯೇ ಬೇಡದ ತನ್ನ ರೌಟರನ್ನು ಜೇಬಿನಿಂದ ಕರವಸ್ತ್ರ ತೆಗೆದ ಹಾಗೆ ತೆಗೆದ. "ಎರಡು ದಿನ ಸುಮ್ನೆ ಇಟ್ಕೊಂಡು ನೋಡಿ ಯಜಮಾನ್ರೇ. ಚೆನ್ನಾಗಿದ್ರೆ ಹಳೇದನ್ನ ಬಿಡಿ." ಅದನ್ನು ಟೀಪಾಯಿ ಮೇಲಿಟ್ಟು ತೋರಿಸಿದ. ಇಂಟರ್‌ನೆಟ್ ಕಟ್ಟಿದ ಹಗ್ಗ ಹರಿದ ಕುದುರೆಯ ಹಾಗೆ ಓಡಿತು. ಮಗಳ ಮುಖ ಅರಳಿತು.

"ಇಲ್ಲೆಲ್ಲ ಇಡಬಾರದು, ಧೂಳು" ಎಂದು ಮೇಸ್ತ್ರಿ, ಏಜೆಂಟ್ ಮೆಟ್ಟಿಲಿಳಿದ ಕೂಡಲೇ, ಹೊಸ ರೌಟರನ್ನು ಗೌರವದಿಂದ ಎತ್ತಿ ಪೆಟ್ಟಿಗೆಯೊಳಗೆ ಹಳೆಯದರ ಪಕ್ಕದಲ್ಲಿ ಕೂರಿಸಿದರು. ಇಬ್ಬರಿಗೂ ಜಾಗವಿತ್ತು, ಮೇಸ್ತ್ರಿ ಯಾವುದನ್ನೂ ಇಕ್ಕಟ್ಟಾಗಿ ಮಾಡಿದವರಲ್ಲ. ಟಪ್.

"ಅಪ್ಪಾ, ಇದೂ ಹೋಯ್ತು."

ಮೇಸ್ತ್ರಿ ಹಲ್ಲು ಕಡಿದರು. "ಇವರು ಅವರ ಚಿಕ್ಕಪ್ಪನ ಮಕ್ಕಳೇ! ಎಲ್ಲ ಮಾತಾಡಿಕೊಂಡಿದ್ದಾರೆ."

ಬೇರೆಲ್ಲಾದರೂ ಹೋಗಿ ಕೂರೋಣವೆಂದರೆ ರೋಗಿಯ ವಿಷಯ ಹೊರಗೆ ಹೋಗಬಾರದು, ಸ್ವಂತ ಕೋಣೆಯೇ ಆಗಬೇಕೆಂದು ಆಸ್ಪತ್ರೆಯ ಕಟ್ಟಪ್ಪಣೆ. ಮಗಳು, ವಿಡಿಯೊದಲ್ಲಿ ಕೈಗಳು ಎದ್ದು ಕಾಣಲೆಂದು ಕೋಣೆಯ ಗೋಡೆಗೆ ಹಾಕಿದ್ದ ನೀಲಿ ಬಟ್ಟೆಯ ಸುಕ್ಕನ್ನು ಅಂಗೈಯಲ್ಲಿ ಸವರಿ ಸವರಿ ಸರಿಮಾಡುತ್ತ ನಿಂತಳು. ಮೇಸ್ತ್ರಿ ಅವಳ ಬೆನ್ನನ್ನೇ ನೋಡಿದರು. ತಗಡು ಬಗ್ಗಿಸುವ ಮೊದಲು ತಾವೂ ಹೀಗೇ ಅಂಗೈಯಲ್ಲಿ ಸವರುವುದು ಅವರಿಗೆ ನೆನಪಾಯಿತು.

ಗುರುವಾರ ಬೆಳಿಗ್ಗೆ ಅವರು ಅಂಗಡಿ ತೆರೆಯಲಿಲ್ಲ. ಕೂಗಲು ಸಿದ್ಧರಾಗಿ ಬಿಸಿನೀರು ಕುಡಿದು ಗಂಟಲು ಹದಮಾಡಿಕೊಂಡರು.

ಕರೆ ಶುರುವಾಯಿತು. ಅರೆತೆರೆದ ಕೋಣೆಯ ಬಾಗಿಲಿನಿಂದ ಮಗಳ ಕೈಗಳಷ್ಟೇ ಕಾಣುತ್ತಿದ್ದವು, ಪರದೆಯಲ್ಲಿದ್ದವರು ಕಾಣುತ್ತಿರಲಿಲ್ಲ. ಮೊದಲ ಮಾತಿಗೇ ಡಾಕ್ಟರ ದನಿ ತುಂಡು ತುಂಡಾಯಿತು. ಮಗಳ ಕೈ ಅರ್ಧದಲ್ಲಿ ನಿಂತು, ಮತ್ತೆ ಮೊದಲಿಂದ ಶುರುಮಾಡಿತು. ಮತ್ತೆ ನಿಂತಿತು. "ನಿಮ್ಮ ಚಿತ್ರ ನಿಲ್ತಾ ಇದೆ" ಎಂದರು ಡಾಕ್ಟರು, ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮೇಸ್ತ್ರಿ ಸಹಾಯವಾಣಿಗೆ ಫೋನ್ ಹಚ್ಚಿ ಸ್ಟೂಲಿಗೆ ಹಾರಿದರು. ಹೇಗೂ ದೀಪ ಕೇಳುತ್ತಾರೆಂದು ಮೊದಲೇ ಪೆಟ್ಟಿಗೆಯ ಬಾಗಿಲು ತೆರೆದು ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು ಕಾದರು. ಫೋನಿನಲ್ಲಿ ಹುಡುಗಿ ಬರಲಿಲ್ಲ. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಹೇಳಿ, ಪೀಪಿ ಊದುವ ಸಂಗೀತ ಹಾಕಿಬಿಟ್ಟರು.

ಕೋಣೆಯಲ್ಲಿ ಡಾಕ್ಟರ ದನಿ ಗಂಟೆಯ ಹಾಗೆ ಬಂತು. "ಹಾಂ, ಈಗ ಸರಿಯಾಯ್ತು, ಮುಂದುವರಿಸಿ."

ಮೇಸ್ತ್ರಿ ಎಳೆದುಕೊಂಡ ಉಸಿರು ಹಾಗೇ ನಿಂತಿತು. ಇನ್ನೂ ತಾನು ಕೂಗೇ ಇಲ್ಲವಲ್ಲ! ಫೋನಿನಲ್ಲಿ ಯಾರೂ ಇಲ್ಲವೇ ಇಲ್ಲವಲ್ಲ! ಯಾರಿಗೆ ಹೆದರಿ ಬಿಟ್ಟರು? ಅವರು ಮೆಲ್ಲಗೆ ಕೈ ಸಡಿಲಿಸಿದರು. ಬಾಗಿಲು ಮುಚ್ಚುತ್ತ ಬಂದ ಹಾಗೆ ಡಾಕ್ಟರು ತೊದಲತೊಡಗಿದರು. ತಟ್ಟನೆ ತೆರೆದರು. ಡಾಕ್ಟರು ಪೂರ್ತಿ ವಾಕ್ಯ ಆಡಿದರು.

ಆ ಕ್ಷಣ ಮೇಸ್ತ್ರಿಯ ತಲೆಯೊಳಗೆ ಬೆಳಕು ಎಷ್ಟು ಜೋರಾಗಿ ಹತ್ತಿತು ಅಂದರೆ ನಡುಮನೆಯ ದೀಪ ಆರಿಸಿದ್ದರೂ ನಡೆಯುತ್ತಿತ್ತು.

ಕರೆ ಓಡುತ್ತಿದ್ದ ಹಳೆಯ ರೌಟರನ್ನು ಕೀಳೋಣವೆಂದರೆ ವೈರು ರಬ್ಬರ್ ಬಳೆಯಲ್ಲಿ ಬಿಗಿದಿತ್ತು, ಎಳೆದರೆ ಕರೆಯೇ ಹೋಗುತ್ತದೆ. ಹೆಂಡತಿ ಓಡಿಬಂದು ಬಾಗಿಲ ಸಂದಿಗೆ ಸೌಟು ಇಟ್ಟಳು. ಮೇಸ್ತ್ರಿಯ ಸ್ಪ್ರಿಂಗ್ ಆ ಸೌಟನ್ನು ಬಂದ ದಾರಿಯಲ್ಲೇ ಅಡುಗೆಮನೆಗೆ ಕಳಿಸಿತು.

"ಬಿಡು, ನಾನೇ ಹಿಡ್ಕೋತೀನಿ" ಎಂದು ಪಿಸುಗುಟ್ಟಿದರು ಮೇಸ್ತ್ರಿ.

ಹಿಡಿದು ನಿಂತರು. ಭುಜ ಕಲ್ಲಾಯಿತು, ಕೈ ಮರವಾಯಿತು, ಒಂದು ಕಾಲು ಯಾರದೋ ಆಯಿತು. ಮದುವೆಯಾದಾಗಿನಿಂದ ಇಷ್ಟು ಹೊತ್ತು ಬಾಯಿಮುಚ್ಚಿಕೊಂಡಿದ್ದು ಇದೇ ಮೊದಲೆಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅಲ್ಲಿಂದಲೇ ಅವರು ಮಗಳ ಕೈಗಳನ್ನು ನೋಡಿದರು. ಎಷ್ಟೋ ಸಲ ಕಂಡಿದ್ದ ಕೈಗಳೇ, ಆದರೆ ಕೆಲಸ ಮಾಡುವಾಗ ನಿಂತು ನೋಡಿದ್ದು ಅದೇ ಮೊದಲು. ಒಂದು ಮಾತು ಮುಗಿಯುವಲ್ಲಿ ಇನ್ನೊಂದು ಮಾತು ಮಡಿಸಿಕೊಂಡು ಕೂಡುತ್ತಿತ್ತು, ನಡುವೆ ಸಂದಿಲ್ಲ. ಡಾಕ್ಟರು ಹೇಳಿದ್ದರಲ್ಲಿ ಒಂದು ಹನಿಯೂ ದಾರಿಯಲ್ಲಿ ಬೀಳುತ್ತಿರಲಿಲ್ಲ. 'ಸೋರಲ್ಲ' ಎಂದುಕೊಂಡರು ಮೇಸ್ತ್ರಿ. ಕಣ್ಣು ಮಾತ್ರ ಸೋರಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಫೋನು, ಎರಡೂ ಖಾಲಿಯಿಲ್ಲ.

ಕರೆ ಮುಗಿಯಿತು. ಮಗಳು ಎದ್ದು ಬಾಗಿಲಿಗೆ ಬಂದಳು. "ಅಪ್ಪಾ, ರೋಗಿ ಒಬ್ರು ಅಜ್ಜಿ, ಕೊನೆಗೆ ಹೀಗೆ ಮಾಡಿದ್ರು" ಎಂದು ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಅಲುಗಿಸಿದಳು. "ಕಿವಿ ಕೇಳದವರ ಚಪ್ಪಾಳೆ. ಡಾಕ್ಟರು, ನಾಳೆಯಿಂದಲೇ ಶುರುಮಾಡಿ ಅಂದ್ರು." ಆಮೇಲೆ ಸ್ಟೂಲಿನ ಮೇಲೆ ಶಿಲೆಯಾಗಿದ್ದ ಅಪ್ಪನನ್ನೂ ತೆರೆದ ಪೆಟ್ಟಿಗೆಯನ್ನೂ ನೋಡಿದಳು. ಅರ್ಥವಾಗಲು ಅವಳಿಗೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಸಾಕಾಯಿತು. "ಅಪ್ಪಾ! ಪೆಟ್ಟಿಗೆನಾ?"

"ಪೆಟ್ಟಿಗೆನೇ."

ಅವಳು ಗೋಡೆ ಹಿಡಿದು ನಕ್ಕಳು. ನಕ್ಕು ನಕ್ಕು ಸುಸ್ತಾಗಿ, ಮತ್ತೆ ಎರಡೂ ಕೈ ಮೇಲೆತ್ತಿ ಅಪ್ಪನ ಕಡೆಗೆ ಬೆರಳು ಅಲುಗಿಸಿದಳು.

ಸರಿಯಾಗಿ ಆಗಲೇ ಪೀಪಿ ನಿಂತು, "ಸರ್, ಏನು ದೂರು?" ಎಂದಳು ಸಹಾಯವಾಣಿಯ ಹುಡುಗಿ.

"ದೂರಲ್ಲಮ್ಮ" ಎಂದರು ಮೇಸ್ತ್ರಿ, ಕತ್ತು ಇನ್ನಷ್ಟು ನೆಟ್ಟಗಾಗಿ. "ನಿಮ್ಮ ಇಂಟರ್‌ನೆಟ್ ಚೆನ್ನಾಗೇ ಇದೆ. ಅದನ್ನ ಕಟ್ಟಿಹಾಕಿದ್ದು ನಾನು. ಎರಡು ಕಂಪನಿನ ಒಟ್ಟಿಗೆ ಹಾಕಿ ಮುಚ್ಚಿದ್ದೆ, ಒಂದೂ ಆಚೆ ಬರಲಿಲ್ಲ. ಆ ಥರ ಬೆಸುಗೆ ನಿಮ್ಮ ಊರಲ್ಲಿ ಯಾರಾದ್ರೂ ಹಾಕ್ತಾರಾ ಕೇಳಿ ನೋಡು."

"ಇನ್ನೇನಾದ್ರೂ ಸಹಾಯ ಬೇಕಾ ಸರ್?" ಎಂದಳು ಹುಡುಗಿ, ಎಚ್ಚರಿಕೆಯಿಂದ.

"ಬೇಡಮ್ಮ. ನಿನಗೇನಾದ್ರೂ ಡಬ್ಬ ಬೇಕಿದ್ರೆ ಹೇಳು."

ಕಂಪನಿ ಬದಲಾಗಲಿಲ್ಲ. ಹೊಸ ರೌಟರನ್ನು ಏಜೆಂಟ್ ವಾಪಸ್ ಒಯ್ಯುವಾಗ ಅವನಿಗೂ ಈ ಸಾಹಸವನ್ನು ಮೊದಲಿಂದ ಕೊನೆಯವರೆಗೆ ಕೇಳಿಸಲಾಯಿತು, ಹೊರಡುವಾಗ ಅವನ ಬಾಯಿ ಪೂರ್ತಿ ಮುಚ್ಚಿತ್ತು. ಹಳೆಯ ರೌಟರ್ ಬರಿಗೋಡೆಯ ಮೇಲೆ ಕೂತಿತು. ಹಲ್ಲಿ ಮತ್ತೆ ಬಂದು ಮಲಗಿತು, ಮೇಸ್ತ್ರಿ ಕಂಡೂ ಕಾಣದವರ ಹಾಗಿದ್ದರು.

ಪೆಟ್ಟಿಗೆ ಈಗ ಅಂಗಡಿಯ ಮುಂದೆ ತೂಗುತ್ತಿದೆ. ಬಂದ ಗಿರಾಕಿಯ ಫೋನನ್ನು ಒಳಗಿಟ್ಟು, ಟಪ್ ಎನಿಸಿ, "ಈಗ ಇದಕ್ಕೆ ಕರೆ ಮಾಡಿ ನೋಡಿ" ಎನ್ನುತ್ತಾರೆ ಮೇಸ್ತ್ರಿ. ಕರೆ ಹೋಗುವುದಿಲ್ಲ. "ಗಾಳಿಯಲ್ಲಿ ಹೋಗೋ ಮಾತೇ ಸೋರದ ಮೇಲೆ, ನಿಮ್ಮ ಎಣ್ಣೆ ಯಾವ ಲೆಕ್ಕ?"

ಮಗಳ ಹತ್ತಿರ ಹಠಹಿಡಿದು ಸನ್ನೆಭಾಷೆಯಲ್ಲಿ 'ಸೋರಲ್ಲ' ಅನ್ನುವುದನ್ನೂ ಕಲಿತಿದ್ದಾರೆ. ಆ ಅಜ್ಜಿಯ ಮನೆಯವರು ಮಗಳನ್ನು ವಿಚಾರಿಸಿಕೊಂಡು ಡಬ್ಬ ಮಾಡಿಸಲು ಬಂದಾಗ ಅಜ್ಜಿಯೂ ಜೊತೆಗಿದ್ದಳು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ಅದನ್ನೇ ಹೇಳಿದರು. ಅಜ್ಜಿ ಡಬ್ಬದ ಅಂಚನ್ನು ಬೆರಳಿನಿಂದ ಸವರಿ ನೋಡಿ, ಹೌದೆಂದು ತಲೆಯಾಡಿಸಿದಳು. ಅಂದಿನಿಂದ ಮೇಸ್ತ್ರಿ ಎರಡು ಭಾಷೆಯಲ್ಲಿ ಜಂಬ ಕೊಚ್ಚುತ್ತಾರೆ.